ಟೋಲ್ ಲೆಕ್ಕದಲ್ಲಿ ಗುಂಡಿಗೆ ಜಾಗವಿಲ್ಲ

2025ರ ಆಗಸ್ಟ್‌ನಲ್ಲಿ ಒಂದೇ ವಾರದೊಳಗೆ ಟೋಲ್ ಬಗ್ಗೆ ಎರಡು ದೊಡ್ಡ ಸುದ್ದಿ ಬಂದವು. 15ರಂದು ಕೇಂದ್ರ ಸರ್ಕಾರ 3,000 ರೂಪಾಯಿಯ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಜಾರಿಗೆ ತಂದಿತು. 19ರಂದು ಸುಪ್ರೀಂ ಕೋರ್ಟ್, ಕೇರಳದ ಪಾಲಿಯೆಕ್ಕರ ಗೇಟಿನಲ್ಲಿ ಟೋಲ್ ವಸೂಲಿ ನಿಲ್ಲಿಸಿದ್ದ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಒಂದು ಸುದ್ದಿ 'ಕಡಿಮೆ ಕೊಡಿ' ಎಂದಿತು. ಇನ್ನೊಂದು 'ರಸ್ತೆ ಹೀಗಿದ್ದರೆ ಕೊಡೋದಾದರೂ ಯಾಕೆ' ಎಂದು ಕೇಳಿತು. ಅದಕ್ಕೂ ಮುಂಚೆ ಜೂನ್‌ನಲ್ಲಿ ಬೈಕುಗಳಿಗೂ ಟೋಲ್ ಬರುತ್ತಂತೆ ಎಂಬ ಗಾಳಿಸುದ್ದಿ ಹಬ್ಬಿ, ಅದು ಸುಳ್ಳು ಎಂದು ಸಚಿವ ನಿತಿನ್ ಗಡ್ಕರಿ ಹೇಳಬೇಕಾಯಿತು. ನವೆಂಬರ್‌ನಲ್ಲಿ ಮತ್ತೊಂದು ನಿಯಮ: ಫಾಸ್ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐನಲ್ಲಿ ಕೊಟ್ಟರೆ ಒಂದೂಕಾಲು ಪಟ್ಟು.

ಇಷ್ಟೆಲ್ಲ ಬದಲಾವಣೆ ಆದರೂ ಜನರ ಪ್ರಶ್ನೆಗಳು ಹಳೆಯವೇ. ಟೋಲ್ ಇಷ್ಟೇ ಅಂತ ಯಾರು ತೀರ್ಮಾನಿಸುತ್ತಾರೆ? ರೋಡ್ ಟ್ಯಾಕ್ಸ್ ಕಟ್ಟಿದ ಮೇಲೂ ಇದು ಯಾಕೆ? ಇದಕ್ಕೆ ಕೊನೆ ಅಂತ ಒಂದಿದೆಯಾ?

ಪಾಲಿಯೆಕ್ಕರದಲ್ಲಿ ಆದದ್ದೇನು

ಪಾಲಿಯೆಕ್ಕರ ಇರುವುದು ತ್ರಿಶೂರ್ ಜಿಲ್ಲೆಯಲ್ಲಿ, ರಾಷ್ಟ್ರೀಯ ಹೆದ್ದಾರಿ 544ರ ಮೇಲೆ. ಎಡಪಳ್ಳಿಯಿಂದ ಮನ್ನುತ್ತಿವರೆಗಿನ ಸುಮಾರು 65 ಕಿಲೋಮೀಟರ್ ರಸ್ತೆಗೆ ಇಲ್ಲಿ ಟೋಲ್. ಆ ದಾರಿಯ ಕೆಲವು ಜಂಕ್ಷನ್‌ಗಳಲ್ಲಿ ಅಂಡರ್‌ಪಾಸ್ ಕೆಲಸ ನಡೆಯುತ್ತಿತ್ತು. ಸರ್ವಿಸ್ ರಸ್ತೆಗಳು ಹಾಳಾಗಿದ್ದವು. ಗಂಟೆಗಟ್ಟಲೆ ವಾಹನಗಳು ನಿಲ್ಲುತ್ತಿದ್ದವು. ಆಗಸ್ಟ್ 6ರಂದು ಕೇರಳ ಹೈಕೋರ್ಟ್ ನಾಲ್ಕು ವಾರ ಟೋಲ್ ನಿಲ್ಲಿಸಿತು.

ಹೆದ್ದಾರಿ ಪ್ರಾಧಿಕಾರ ಮೇಲ್ಮನವಿ ಸಲ್ಲಿಸಿತು. ಅದರ ವಾದ ಸರಳ: 65 ಕಿಲೋಮೀಟರ್‌ನಲ್ಲಿ ತೊಂದರೆ ಇರುವುದು ಐದು ಕಿಲೋಮೀಟರ್ ಮಾತ್ರ, ಉಳಿದ ರಸ್ತೆ ಚೆನ್ನಾಗಿದೆ. ಕಾಗದದ ಮೇಲೆ ಇದು ನಿಜ. ಆದರೆ ದಾರಿಯಲ್ಲಿ ಹೋಗುವವನಿಗೆ ಆ ಐದು ಕಿಲೋಮೀಟರ್ ದಾಟದೆ ಬೇರೆ ಗತಿ ಇಲ್ಲ. ಒಂದು ಕಡೆ ಕಟ್ಟಿಕೊಂಡರೆ ಹಿಂದಿನ ಒಳ್ಳೆಯ ರಸ್ತೆಯೂ ಪಾರ್ಕಿಂಗ್ ಜಾಗ ಆಗುತ್ತದೆ. ವಿಚಾರಣೆಯ ಹೊತ್ತಿಗೆ 12 ಗಂಟೆಗಳ ಟ್ರಾಫಿಕ್ ಜಾಮ್ ಆದ ಸುದ್ದಿ ಬಂದಿತ್ತು. ಲಾರಿ ಮಗುಚಿದ್ದೇ ಅದಕ್ಕೆ ಕಾರಣ ಎಂದು ಪ್ರಾಧಿಕಾರ ಹೇಳಿದಾಗ, ಲಾರಿ ಮಗುಚಿದ್ದು ಗುಂಡಿಗೆ ಬಿದ್ದದ್ದರಿಂದ ಎಂದು ನ್ಯಾಯಪೀಠ ನೆನಪಿಸಿತು. ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಗಲು 12 ಗಂಟೆ ಬೇಕಾದರೆ 150 ರೂಪಾಯಿ ಯಾಕೆ ಕೊಡಬೇಕು ಎಂಬುದು ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬಿ.ಆರ್. ಗವಾಯಿ ಅವರ ಪ್ರಶ್ನೆ.

ಅಕ್ಟೋಬರ್‌ನಲ್ಲಿ ಹೈಕೋರ್ಟ್ ಒಪ್ಪಿಗೆಯ ಮೇಲೆ ಅಲ್ಲಿ ಟೋಲ್ ಮತ್ತೆ ಶುರುವಾಯಿತು. ಹಾಗಾಗಿ 'ರಸ್ತೆ ಸರಿಯಿಲ್ಲದಿದ್ದರೆ ಟೋಲ್ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ' ಎಂದು ಗೇಟಿನಲ್ಲಿ ವಾದ ಮಾಡಿದರೆ ನಡೆಯುವುದಿಲ್ಲ. ಆ ಆದೇಶ ಒಂದು ಗೇಟಿಗೆ, ಒಂದಷ್ಟು ದಿನಕ್ಕೆ. ಜಮ್ಮು-ಕಾಶ್ಮೀರ ಹೈಕೋರ್ಟ್ ಅದೇ ವರ್ಷ ಫೆಬ್ರುವರಿಯಲ್ಲಿ ಲಖನ್‌ಪುರ ಮತ್ತು ಬನ್ ಗೇಟುಗಳಲ್ಲಿ, ಹೆದ್ದಾರಿ ಕೆಲಸ ಮುಗಿಯುವ ತನಕ ಶೇ 20ರಷ್ಟು ಟೋಲ್ ಮಾತ್ರ ತೆಗೆದುಕೊಳ್ಳಿ ಎಂದಿತ್ತು. ಅದೂ ಅಲ್ಲಿಗಷ್ಟೇ. ಪ್ರತಿ ಸಲವೂ ಯಾರಾದರೂ ಕೋರ್ಟಿಗೆ ಹೋಗಲೇಬೇಕು. ರಸ್ತೆ ಕೆಟ್ಟರೆ ಟೋಲ್ ಇಳಿಸುವ ದಾರಿ ನಿಯಮದಲ್ಲಿ ಇಲ್ಲದಿರುವುದೇ ಅದಕ್ಕೆ ಕಾರಣ.

ದರ ಹುಟ್ಟುವ ಬಗೆ

ರಾಷ್ಟ್ರೀಯ ಹೆದ್ದಾರಿಯ ಟೋಲ್ ನಿರ್ಧಾರವಾಗುವುದು 2008ರ ಶುಲ್ಕ ನಿಯಮಗಳಿಂದ. ನಾಲ್ಕು ಪಥದ ರಸ್ತೆಗೆ ಕಾರಿನ ಮೂಲದರ ಕಿಲೋಮೀಟರ್‌ಗೆ 65 ಪೈಸೆ. ಬಸ್ಸು, ಲಾರಿಗೆ 2 ರೂಪಾಯಿ 20 ಪೈಸೆ. ಇದು 2007-08ರ ಲೆಕ್ಕ. ಅದರ ಮೇಲೆ ಪ್ರತಿ ವರ್ಷ ಮೂಲದರದ ಶೇ 3ರಷ್ಟು ಏರಿಕೆ, ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯಲ್ಲಿ ಶೇ 40ರಷ್ಟು ಪಾಲು. ಸಾಮಾನ್ಯವಾಗಿ ಏಪ್ರಿಲ್ 1ಕ್ಕೆ ಟೋಲ್ ಏರುವುದು ಈ ಲೆಕ್ಕದಿಂದ. ಆ ದಿನ ಯಾರೂ ಕೂತು ಹೊಸದಾಗಿ ತೀರ್ಮಾನ ಮಾಡುವುದಿಲ್ಲ, ಸೂತ್ರ ತಾನೇ ಏರಿಸುತ್ತದೆ.

ಮೂಲದರದಲ್ಲಿ 60 ಕಿಲೋಮೀಟರ್‌ಗೆ ಲೆಕ್ಕ ಹಾಕಿದರೆ ಕಾರಿಗೆ 39 ರೂಪಾಯಿ ಆಗುತ್ತಿತ್ತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಮಾರ್ಚ್‌ನಲ್ಲಿ ಬೆಂಗಳೂರು–ನಿಡಘಟ್ಟ ನಡುವಿನ 56 ಕಿಲೋಮೀಟರ್‌ಗೆ ಮೊದಲು ನಿಗದಿಯಾದದ್ದು 135 ರೂಪಾಯಿ. ಈ ಅಂತರವನ್ನು ಬೆಲೆಯೇರಿಕೆಯೊಂದರಿಂದಲೇ ವಿವರಿಸಲು ಆಗದು. ಉಳಿದದ್ದಕ್ಕೆ ಮುಖ್ಯ ಕಾರಣ ಸೇತುವೆ, ಮೇಲ್ಸೇತುವೆಗಳು. ಇವುಗಳ ಒಂದು ಕಿಲೋಮೀಟರನ್ನು ನಿಯಮ ಹತ್ತು ಕಿಲೋಮೀಟರ್ ಎಂದು ಎಣಿಸುತ್ತದೆ. ಕಟ್ಟುವ ಖರ್ಚು ಜಾಸ್ತಿ ಅಲ್ವಾ, ಅದಕ್ಕೆ.

2025ರ ಜುಲೈನಲ್ಲಿ ಈ ಹತ್ತು ಪಟ್ಟಿನ ನಿಯಮ ತಿದ್ದುಪಡಿಯಾಯಿತು. 'ಟೋಲ್ ಅರ್ಧಕ್ಕೆ ಇಳಿಕೆ' ಎಂದು ತಲೆಬರಹಗಳು ಬಂದವು. ಹೊಸ ನಿಯಮದಲ್ಲಿ ಎರಡು ಲೆಕ್ಕ ಹಾಕುತ್ತಾರೆ: ಹಳೆಯ ರೀತಿಯದೊಂದು, ಒಟ್ಟು ಉದ್ದದ ಐದು ಪಟ್ಟು ಇನ್ನೊಂದು. ಯಾವುದು ಕಡಿಮೆಯೋ ಅದು. 40 ಕಿಲೋಮೀಟರ್ ಪೂರ್ತಿ ಮೇಲ್ಸೇತುವೆಯೇ ಆಗಿದ್ದರೆ 400ರ ಬದಲು 200 ಕಿಲೋಮೀಟರ್ ಎಂದು ಎಣಿಕೆ, ಅಂದರೆ ನಿಜವಾಗಿಯೂ ಅರ್ಧ. ಆದರೆ 10 ಕಿಲೋಮೀಟರ್ ರಸ್ತೆಯಲ್ಲಿ 4 ಕಿಲೋಮೀಟರ್ ಮಾತ್ರ ಮೇಲ್ಸೇತುವೆ ಇದೆ ಅಂದುಕೊಳ್ಳಿ. ಹಳೆಯ ಲೆಕ್ಕ 46, ಹೊಸ ಲೆಕ್ಕ 50. ಕಡಿಮೆ ಇರುವುದು ಹಳೆಯದೇ, ಒಂದು ಪೈಸೆಯೂ ಇಳಿಯದು. ರಸ್ತೆಯ ಸುಮಾರು ಶೇ 44ಕ್ಕಿಂತ ಹೆಚ್ಚು ಭಾಗ ಸೇತುವೆ ಆಗಿದ್ದರೆ ಮಾತ್ರ ಲಾಭ. ನಮ್ಮ ಬಹುತೇಕ ಹೆದ್ದಾರಿಗಳು ಆ ಗಡಿಯ ಹತ್ತಿರವೂ ಬರುವುದಿಲ್ಲ.

ಈ ಇಡೀ ಸೂತ್ರದಲ್ಲಿ ಏನೇನಿದೆ ನೋಡಿ. ರಸ್ತೆಯ ಉದ್ದ, ಪಥಗಳ ಸಂಖ್ಯೆ, ಸೇತುವೆಗಳು, ವಾಹನದ ಬಗೆ, ಸಗಟು ಬೆಲೆ. ರಸ್ತೆಯ ಸ್ಥಿತಿ ಮಾತ್ರ ಎಲ್ಲೂ ಇಲ್ಲ. ಗುಂಡಿ ಬಿದ್ದರೂ, ಮಳೆನೀರು ನಿಂತರೂ ದರ ಅದೇ. ನಿರ್ವಹಣೆ ಸರಿಯಿಲ್ಲದಿದ್ದರೆ ಗುತ್ತಿಗೆ ಕಂಪನಿಗೆ ದಂಡ ಹಾಕಲು ಒಪ್ಪಂದದಲ್ಲಿ ಅವಕಾಶ ಇದೆ, ನಿಜ. ಆದರೆ ಆ ದಂಡ ಹೋಗುವುದು ಪ್ರಾಧಿಕಾರಕ್ಕೆ. ಗುಂಡಿಯಲ್ಲಿ ಟೈರ್ ಕಳೆದುಕೊಂಡವನಿಗೆ ಅದರಲ್ಲಿ ಪಾಲಿಲ್ಲ.

ವಿಚಿತ್ರ ಅಂದರೆ, ಯಂತ್ರದ ತಪ್ಪಿಗೆ ವಿನಾಯಿತಿ ಇದೆ. ನಿಮ್ಮ ಫಾಸ್ಟ್ಯಾಗ್ ಸರಿಯಾಗಿದ್ದು, ಹಣವೂ ಇದ್ದು, ಗೇಟಿನ ಯಂತ್ರ ಅದನ್ನು ಓದದಿದ್ದರೆ ನಿಮ್ಮನ್ನು ಪುಕ್ಕಟೆ ಬಿಡಬೇಕು, ಸೊನ್ನೆ ರೂಪಾಯಿಯ ರಸೀದಿ ಕೊಡಬೇಕು. 2018ರಿಂದ ಈ ನಿಯಮ ಇದೆ. ಯಂತ್ರಕ್ಕೆ ಅನ್ವಯಿಸುವ ನ್ಯಾಯ ರಸ್ತೆಗೆ ಯಾಕೆ ಇಲ್ಲ ಎಂಬುದೇ ಪಾಲಿಯೆಕ್ಕರ ಪ್ರಕರಣದ ತಿರುಳು.

60 ಕಿಲೋಮೀಟರ್ ಮಾತು

ಟೋಲ್ ವಿರುದ್ಧದ ಪ್ರತಿಭಟನೆಗಳಲ್ಲಿ ಹೆಚ್ಚು ಕೇಳಿಬರುವುದು ಈ ಸಂಖ್ಯೆ. 60 ಕಿಲೋಮೀಟರ್ ಒಳಗೆ ಎರಡು ಗೇಟ್ ಇರುವಂತಿಲ್ಲ, ಇದ್ದರೆ ಅಕ್ರಮ ಎಂಬ ಮಾತು. ಇದಕ್ಕೆ ಬಲ ಬಂದದ್ದು 2022ರ ಮಾರ್ಚ್‌ನಲ್ಲಿ. 60 ಕಿಲೋಮೀಟರ್ ಒಳಗೆ ಒಂದೇ ಗೇಟ್ ಇರುತ್ತದೆ, ಹೆಚ್ಚುವರಿ ಗೇಟುಗಳನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಎಂದು ಗಡ್ಕರಿ ಲೋಕಸಭೆಯಲ್ಲಿ ಹೇಳಿದ್ದರು.

ನಿಯಮದಲ್ಲಿ 60 ಕಿಲೋಮೀಟರ್ ಅಂತ ಇರುವುದು ನಿಜ. ಆದರೆ ಅದರ ಬೆನ್ನಿಗೇ ವಿನಾಯಿತಿಗಳೂ ಇವೆ. ಕಾರಣ ಬರೆದಿಟ್ಟು ಹತ್ತಿರದಲ್ಲೂ ಗೇಟ್ ಹಾಕಬಹುದು. ಸೇತುವೆ, ಬೈಪಾಸ್, ಸುರಂಗಕ್ಕಾಗಿ ಹಾಕುವ ಗೇಟಿಗೂ ಈ ಅಂತರ ಬೇಕಿಲ್ಲ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಇನ್ನೂ ಮುಖ್ಯವಾದ ವಿಷಯ ಬೇರೆ. ಗೇಟ್ ಕಡಿಮೆಯಾದರೆ ಟೋಲ್ ಕಡಿಮೆ ಆಗಬೇಕೆಂದೇನೂ ಇಲ್ಲ. ಪ್ರತಿ ಗೇಟೂ ತನ್ನ ಪಾಲಿನ ಉದ್ದಕ್ಕೆ ಹಣ ತೆಗೆದುಕೊಳ್ಳುತ್ತದೆ. ಒಂದು ಗೇಟ್ ಮುಚ್ಚಿದರೆ ಅದರ ಪಾಲಿನ ಕಿಲೋಮೀಟರ್‌ಗಳನ್ನು ಪಕ್ಕದ ಗೇಟಿಗೆ ಸೇರಿಸಬಹುದು. ಮಂಗಳೂರು ಬಳಿಯ ಸುರತ್ಕಲ್‌ನಲ್ಲಿ ಆದದ್ದು ಇದೇ. ತಾತ್ಕಾಲಿಕ ಎಂದು ಶುರುವಾಗಿ ವರ್ಷಗಟ್ಟಲೆ ಉಳಿದ ಆ ಗೇಟಿನ ವಿರುದ್ಧ ದೊಡ್ಡ ಹೋರಾಟ ನಡೆಯಿತು. 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು. ಆದರೆ ಆದೇಶದಲ್ಲಿ ಬರೆದದ್ದು 'ರದ್ದು' ಎಂದಲ್ಲ, 'ಹೆಜಮಾಡಿ ಗೇಟಿನೊಂದಿಗೆ ವಿಲೀನ' ಎಂದು. ಹೋರಾಟಗಾರರು ಗೆದ್ದ ಮರುದಿನವೇ ಜಗಳ ಹೆಜಮಾಡಿಗೆ ಹೋಯಿತು.

ನನ್ನ ಪ್ರಕಾರ ಗೇಟುಗಳ ಅಂತರಕ್ಕಿಂತ ದೊಡ್ಡ ಅನ್ಯಾಯ ಗೇಟಿನ ಜಾಗದಲ್ಲಿದೆ. ನಮ್ಮ ಹೆಚ್ಚಿನ ಹೆದ್ದಾರಿಗಳಲ್ಲಿ ಇರುವುದು ತೆರೆದ ವ್ಯವಸ್ಥೆ. ಗೇಟ್ ದಾಟಿದವರು ಆ ಭಾಗದ ಪೂರ್ತಿ ಉದ್ದಕ್ಕೆ ಹಣ ಕೊಡಬೇಕು. ಆ ಭಾಗ 55 ಕಿಲೋಮೀಟರ್ ಇದ್ದರೆ, ಗೇಟಿನ ಆಚೆ ಐದು ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗಿ ಬರುವವನೂ 55 ಕಿಲೋಮೀಟರ್‌ಗೆ ಕೊಡುತ್ತಾನೆ. ಎರಡು ಗೇಟುಗಳ ನಡುವೆಯೇ 40 ಕಿಲೋಮೀಟರ್ ಓಡಾಡುವವನು ಏನೂ ಕೊಡುವುದಿಲ್ಲ. ದೂರಕ್ಕೂ ದುಡ್ಡಿಗೂ ಸಂಬಂಧವೇ ಇಲ್ಲ. ಸ್ಥಳೀಯರಿಗೆ ಅಂತ ಒಂದು ಪರಿಹಾರ ಇದೆ: ಗೇಟಿನಿಂದ 20 ಕಿಲೋಮೀಟರ್ ಒಳಗಿನ ನಿವಾಸಿಗಳ ಸ್ವಂತ ವಾಹನಕ್ಕೆ ತಿಂಗಳ ಪಾಸ್, 2025-26ರಲ್ಲಿ 350 ರೂಪಾಯಿ. ಆದರೆ ಸರ್ವಿಸ್ ರಸ್ತೆ ಅಥವಾ ಬದಲಿ ರಸ್ತೆ ಇದ್ದರೆ ಈ ಪಾಸ್ ಕೊಡಬೇಕಿಲ್ಲ ಎಂಬ ಷರತ್ತೂ ಅದೇ ನಿಯಮದಲ್ಲಿದೆ. ಆ ಬದಲಿ ರಸ್ತೆ ಹೇಗಿರಬೇಕು ಅನ್ನುವುದೇ ಎಷ್ಟೋ ಕಡೆ ಜಗಳದ ಮೂಲ.

ರೋಡ್ ಟ್ಯಾಕ್ಸ್ ಕಟ್ಟಿದ್ದೀವಲ್ಲ?

ಕಟ್ಟಿದ್ದೀವಿ. ಕರ್ನಾಟಕದಲ್ಲಿ ಕಾರಿನ ಬೆಲೆಯ ಶೇ 13ರಿಂದ ಶೇ 18ರವರೆಗೆ ಜೀವಿತಾವಧಿ ತೆರಿಗೆ ಇದೆ. ಆದರೆ ಅದು ರಾಜ್ಯದ ಖಜಾನೆಗೆ ಹೋಗುತ್ತದೆ, ಹೆದ್ದಾರಿ ಪ್ರಾಧಿಕಾರಕ್ಕಲ್ಲ. ಪೆಟ್ರೋಲ್, ಡೀಸೆಲ್ ಮೇಲಿನ ರಸ್ತೆ ಸೆಸ್ ಕೇಂದ್ರಕ್ಕೆ ಹೋಗುತ್ತದೆ. ಅದರಲ್ಲಿ ಒಂದು ಪಾಲು ಹೆದ್ದಾರಿಗೂ ಬರುತ್ತದೆ. ಟೋಲ್ ಮೂರನೆಯದು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ ಇದು ತೆರಿಗೆ ಅಲ್ಲ, ಸೇವೆಗೆ ಕೊಡುವ ಶುಲ್ಕ.

ಸರ್ಕಾರದ ವಾದ ಹೀಗೆ: ಒಳ್ಳೆಯ ಹೆದ್ದಾರಿ ಬೇಕಾದರೆ ಹಣ ಎಲ್ಲಿಂದಲೋ ಬರಬೇಕು. ಪೂರ್ತಿ ತೆರಿಗೆಯಿಂದ ಕಟ್ಟಿದರೆ, ಆ ರಸ್ತೆಯನ್ನು ಜೀವಮಾನದಲ್ಲಿ ಬಳಸದವರೂ ಖರ್ಚು ಹೊರಬೇಕು. ಬಳಸುವವರೇ ಕೊಡುವುದು ನ್ಯಾಯ. ಸಾಲ ಮಾಡಿ ಬೇಗ ರಸ್ತೆ ಕಟ್ಟಿ, ಆಮೇಲೆ ಟೋಲ್‌ನಿಂದ ತೀರಿಸಬಹುದು. ಪ್ರಾಧಿಕಾರದ ಸಾಲ 2023ರ ಹೊತ್ತಿಗೆ 3 ಲಕ್ಷ ಕೋಟಿ ರೂಪಾಯಿ ದಾಟಿತ್ತು. 2024-25ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಸಂಗ್ರಹವಾದ ಟೋಲ್ 60 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಇದನ್ನು ಒಂದೇ ಏಟಿಗೆ ನಿಲ್ಲಿಸಿದರೆ ಹೊರೆ ಬಜೆಟ್ ಮೇಲೆ ಬೀಳುತ್ತದೆ.

ಈ ವಾದ ತೆಗೆದುಹಾಕುವಂಥದ್ದಲ್ಲ. ಆದರೆ ಇದನ್ನು ಒಪ್ಪಿದ ಮೇಲೆ ಅದರ ಇನ್ನೊಂದು ತುದಿಯನ್ನೂ ಒಪ್ಪಬೇಕು. ಶುಲ್ಕ ಅಂದರೆ ಸೇವೆ ಕೊಟ್ಟು ಪಡೆಯುವ ಹಣ. ಸೇವೆ ಕಡಿಮೆಯಾದರೆ ಶುಲ್ಕವೂ ಇಳಿಯಬೇಕು. ವಸೂಲಿ ಮಾಡುವಾಗ 'ಬಳಕೆದಾರ ಕೊಡಲಿ' ಎನ್ನುವುದು, ಗುಂಡಿ ತೋರಿಸಿದಾಗ 'ಇದು ದೇಶದ ಅಭಿವೃದ್ಧಿಗೆ' ಎನ್ನುವುದು ಎರಡೂ ಒಟ್ಟಿಗೆ ನಡೆಯಲಾರದು.

ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸಿಟ್ಟು ಬಂದದ್ದೂ ಇಲ್ಲೇ. 2023ರ ಮಾರ್ಚ್ 12ರಂದು ಉದ್ಘಾಟನೆ, 14ರಿಂದ ಟೋಲ್. ಸರ್ವಿಸ್ ರಸ್ತೆ ಕೆಲಸ ಇನ್ನೂ ಬಾಕಿ ಇತ್ತು. ಅದೇ ವಾರ ಮಳೆ ಬಂದು ರಾಮನಗರದ ಬಳಿ ಹೆದ್ದಾರಿ ಮೇಲೆ ನೀರು ನಿಂತಿತು. ಎಲ್ಲ ಕೆಲಸ ಮುಗಿಯದಿದ್ದರೂ ತಾತ್ಕಾಲಿಕ ಪೂರ್ಣತಾ ಪ್ರಮಾಣಪತ್ರ ಸಿಕ್ಕರೆ ವಸೂಲಿ ಶುರುಮಾಡಲು ಅವಕಾಶ ಇದೆ. ಹಾಗಾಗಿ ಕಾನೂನಿನ ಪ್ರಕಾರ ತಪ್ಪಿಲ್ಲದಿದ್ದರೂ ಜನರ ಕಣ್ಣಿಗೆ ಅದು ಮೋಸದಂತೆ ಕಾಣುತ್ತದೆ.

ಹಾಕಿದ ದುಡ್ಡು ಬಂದ ಮೇಲೂ?

ರಾಜಸ್ಥಾನದ ಮನೋಹರಪುರ ಗೇಟಿನ ಲೆಕ್ಕ 2024ರಲ್ಲಿ ದೊಡ್ಡ ಸುದ್ದಿಯಾಯಿತು. ದೆಹಲಿ–ಜೈಪುರ ಹೆದ್ದಾರಿಗೆ ಆದ ಖರ್ಚು ಸುಮಾರು 1,900 ಕೋಟಿ, ವಸೂಲಾದದ್ದು ಸುಮಾರು 8,000 ಕೋಟಿ ಎಂದು ಮಾಹಿತಿ ಹಕ್ಕಿನಡಿ ಹೊರಬಿತ್ತು. ಸಾಲದ ಬಡ್ಡಿ, ನಿರ್ವಹಣೆ, ಮತ್ತೆ ಡಾಂಬರು ಹಾಕುವ ಖರ್ಚು ಎಲ್ಲವನ್ನೂ ಸೇರಿಸಬೇಕು ಎಂಬುದು ಸರ್ಕಾರದ ಉತ್ತರ.

ಅದು ಅರ್ಧ ಉತ್ತರ. ಉಳಿದರ್ಧ ನಿಯಮದಲ್ಲೇ ಇದೆ. ಹೂಡಿದ ಹಣ ವಾಪಸ್ ಬಂದ ಮೇಲೆ ಟೋಲನ್ನು ಶೇ 40ಕ್ಕೆ ಇಳಿಸಬೇಕು ಎಂದು 2008ರ ನಿಯಮಗಳು ಹೇಳುತ್ತಿದ್ದವು. ಗಮನಿಸಿ, ಆಗಲೂ 'ನಿಲ್ಲಿಸಬೇಕು' ಅಂತ ಇರಲಿಲ್ಲ. 2023ರ ತಿದ್ದುಪಡಿಯಲ್ಲಿ ಆ ಇಳಿಕೆಯೂ ಹೋಯಿತು. ಅಂದರೆ ಈಗ ಟೋಲ್ ಒಂದು ರಸ್ತೆಯ ಸಾಲಕ್ಕೆ ಕಟ್ಟಿಹಾಕಿದ ಹಣವಲ್ಲ. ಇಲ್ಲಿ ಬಂದದ್ದು ಇನ್ನೆಲ್ಲೋ ಹೊಸ ರಸ್ತೆಗೆ ಹೋಗಬಹುದು. ಕೆಲವು ಹೆದ್ದಾರಿಗಳ ವಸೂಲಿ ಹಕ್ಕನ್ನೇ 20-30 ವರ್ಷಕ್ಕೆ ಕಂಪನಿಗಳಿಗೆ ಕೊಟ್ಟು, ಒಟ್ಟು ಹಣವನ್ನು ಮುಂಚೆಯೇ ಪಡೆಯುವ ಪದ್ಧತಿ 2018ರಿಂದ ನಡೆದಿದೆ. ಹಾಗೆ ಕೊಟ್ಟ ರಸ್ತೆಯಲ್ಲಿ ನಡುವೆ ಟೋಲ್ ನಿಲ್ಲಿಸಬೇಕೆಂದರೆ ಕಂಪನಿಗೆ ಪರಿಹಾರ ಕೊಡಬೇಕು.

ಒಪ್ಪಂದ ಎಷ್ಟು ಕೆಟ್ಟದಾಗಿರಬಹುದು ಎಂಬುದಕ್ಕೆ ದೆಹಲಿ–ನೊಯ್ಡಾ ನಡುವಿನ ಡಿಎನ್‌ಡಿ ಸೇತುವೆ ಸಾಕ್ಷಿ. ಕಂಪನಿಗೆ ವರ್ಷಕ್ಕೆ ಶೇ 20ರಷ್ಟು ಲಾಭ ಖಾತ್ರಿ ಎಂದು ಬರೆದಿದ್ದರು. ಬಾರದ ಲಾಭವನ್ನು ಪ್ರತಿ ವರ್ಷ ಯೋಜನೆಯ ಖರ್ಚಿಗೇ ಸೇರಿಸುತ್ತಿದ್ದರು. ಖರ್ಚು ಬೆಳೆಯುತ್ತಲೇ ಹೋಯಿತು, ತೀರುವ ಮಾತೇ ಇರಲಿಲ್ಲ. ಅಲಹಾಬಾದ್ ಹೈಕೋರ್ಟ್ 2016ರಲ್ಲಿ ಅಲ್ಲಿ ಟೋಲ್ ನಿಲ್ಲಿಸಿತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಾಯಂ ಮಾಡಿತು. ಸ್ಪೇನ್ ದೇಶದಲ್ಲಿ ಕಂಪನಿಗಳ ಅವಧಿ ಮುಗಿದ ಹಲವು ಹೆದ್ದಾರಿಗಳನ್ನು 2018ರಿಂದೀಚೆಗೆ ಟೋಲ್‌ಮುಕ್ತ ಮಾಡಿದ್ದಾರೆ. ನಮ್ಮಲ್ಲಿ ಆ ಕೊನೆಯ ದಿನ ಎಂಬುದೇ ಕಾನೂನಿನಲ್ಲಿಲ್ಲ.

ಹೊರೆ ಯಾರ ಮೇಲೆ

ವಾರ್ಷಿಕ ಪಾಸ್ ಶುರುವಾದಾಗಿನ ಲೆಕ್ಕದಲ್ಲಿ 3,000 ರೂಪಾಯಿಗೆ 200 ಸಲ ಗೇಟ್ ದಾಟಬಹುದು. ಸಲಕ್ಕೆ 15 ರೂಪಾಯಿ ಬಿತ್ತು. ಪದೇ ಪದೇ ಹೆದ್ದಾರಿ ಬಳಸುವ ಕಾರಿನವರಿಗೆ ಇದು ದೊಡ್ಡ ಉಳಿತಾಯ. ಆದರೆ ಇದು ಸ್ವಂತ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ರಾಜ್ಯ ಹೆದ್ದಾರಿಗಳಲ್ಲಿ, ಬೆಂಗಳೂರಿನ ನೈಸ್ ರಸ್ತೆಯಲ್ಲಿ ಇದು ನಡೆಯುವುದಿಲ್ಲ. ಟ್ಯಾಕ್ಸಿ, ಬಸ್ಸು, ಲಾರಿಗಳಿಗೂ ಇಲ್ಲ.

ಬಸ್ಸಿನ ಟೋಲ್ ಕೊಡುವುದು ಕೊನೆಗೆ ಪ್ರಯಾಣಿಕ. ಬೆಂಗಳೂರು–ಮೈಸೂರು ಟೋಲ್ ಶುರುವಾದಾಗ ಕೆಎಸ್‌ಆರ್‌ಟಿಸಿ ಟಿಕೆಟ್ ಮೇಲೆ 15ರಿಂದ 20 ರೂಪಾಯಿ ಸೇರಿಸಿತು. ಪಾಸ್ ಇರುವ ಕಾರಿನವನು ಇಡೀ ಕಾರಿಗೆ ಒಂದು ಗೇಟಿಗೆ ಕೊಡುವ ಸುಮಾರು 15 ರೂಪಾಯಿಯನ್ನೂ, ಬಸ್ಸಿನಲ್ಲಿ ಕೂತ ಒಬ್ಬನೇ ಕೊಡುವ ಈ ದುಡ್ಡನ್ನೂ ಪಕ್ಕದಲ್ಲಿಟ್ಟು ನೋಡಿ. ಲಾರಿಯ ಟೋಲ್ ತರಕಾರಿ, ಸಿಮೆಂಟಿನ ಬೆಲೆಯಲ್ಲಿ ಸೇರಿ ಎಲ್ಲರ ಮನೆಗೂ ಬರುತ್ತದೆ.

ಹಾಗಂತ ಲಾರಿಗಳಿಗೆ ಅನ್ಯಾಯವಾಗಿದೆ ಎಂದು ಸುಮ್ನೆ ಹೇಳಿಬಿಡಲೂ ಆಗದು. ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟಾಗುತ್ತದೆ ಎಂಬುದು ಎಂಜಿನಿಯರ್‌ಗಳು ಬಹುಕಾಲದಿಂದ ಬಳಸುವ ಲೆಕ್ಕ. ಲಾರಿಯ ಮೂಲದರ ಕಾರಿನದಕ್ಕಿಂತ ಮೂರೂವರೆ ಪಟ್ಟಿನಷ್ಟೂ ಇಲ್ಲ. ಹಾನಿಯ ಲೆಕ್ಕದಲ್ಲಿ ನೋಡಿದರೆ ಲಾರಿ ಕೊಡುವುದು ಕಡಿಮೆಯೇ. ಜರ್ಮನಿ 2005ರಿಂದ ತನ್ನ ಹೆದ್ದಾರಿಗಳಲ್ಲಿ ಭಾರದ ಲಾರಿಗಳಿಂದ ಕಿಲೋಮೀಟರ್ ಲೆಕ್ಕದಲ್ಲಿ ಟೋಲ್ ಪಡೆಯುತ್ತದೆ, ಕಾರುಗಳಿಂದ ಇಲ್ಲ.

ಪುಕ್ಕಟೆ ಮಾಡುವುದು ಇನ್ನೊಂದು ದಾರಿ. 2024ರ ಅಕ್ಟೋಬರ್‌ನಲ್ಲಿ, ಚುನಾವಣೆ ಹತ್ತಿರವಿದ್ದಾಗ, ಮಹಾರಾಷ್ಟ್ರ ಸರ್ಕಾರ ಮುಂಬೈ ಪ್ರವೇಶದ ಐದೂ ಗೇಟುಗಳಲ್ಲಿ ಲಘು ವಾಹನಗಳ ಟೋಲ್ ತೆಗೆದುಹಾಕಿತು. ಇಂಥ ಕಡೆ ಗುತ್ತಿಗೆ ಕಂಪನಿಯ ನಷ್ಟವನ್ನು ಖಜಾನೆ ತುಂಬಬೇಕಾಗುತ್ತದೆ. ಮುಂಬೈಗೆ ಕಾರಿನಲ್ಲಿ ಹೋಗುವವರ ಟೋಲನ್ನು ವಿದರ್ಭದ ರೈತನೂ ಸೇರಿ ಕಟ್ಟಿದ ಹಾಗಾಯಿತು.

ಗೇಟ್ ಇಲ್ಲದ ಟೋಲ್

ಮುಂದಿನ ಹೆಜ್ಜೆ ಗೇಟುಗಳನ್ನೇ ತೆಗೆಯುವುದು. ಗುಜರಾತಿನ ಚೋರ್ಯಾಸಿ ಮತ್ತು ಹರಿಯಾಣದ ಘರೌಂಡಾದಲ್ಲಿ ಮೊದಲು ಜಾರಿ ಮಾಡಲು 2025ರಲ್ಲಿ ಒಪ್ಪಂದಗಳಾದವು. ಮೇಲೆ ಕ್ಯಾಮೆರಾ ಇರುತ್ತದೆ, ನಂಬರ್ ಪ್ಲೇಟ್ ಮತ್ತು ಫಾಸ್ಟ್ಯಾಗ್ ಓದುತ್ತದೆ, ವಾಹನ ನಿಲ್ಲಿಸಬೇಕಿಲ್ಲ. ಕ್ಯೂ ಹೋಗುತ್ತದೆ, ಡೀಸೆಲ್ ಉಳಿಯುತ್ತದೆ.

ಅದರ ಜೊತೆ ಅಧಿಕಾರದ ತಕ್ಕಡಿಯೂ ವಾಲುತ್ತದೆ. ಈಗ ತಕರಾರಿದ್ದರೆ ಗೇಟಿನಲ್ಲಿ ನಿಂತು ಕೇಳಬಹುದು, ಊರಿನವರೆಲ್ಲ ಸೇರಿ ಸುರತ್ಕಲ್‌ನ ಹಾಗೆ ಧರಣಿ ಕೂರಬಹುದು. ಗೇಟೇ ಇಲ್ಲದ ಮೇಲೆ ಮೊದಲು ಹಣ ಕಡಿತ, ದೂರು ಆಮೇಲೆ. 2026ರ ಜನವರಿಯ ನಿಯಮ ತಿದ್ದುಪಡಿಯಂತೆ, ಟೋಲ್ ಬಾಕಿ ಇದ್ದರೆ ವಾಹನ ವರ್ಗಾವಣೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಫಿಟ್‌ನೆಸ್ ಪ್ರಮಾಣಪತ್ರ ಸಿಗುವುದಿಲ್ಲ. ಕ್ಯಾಮೆರಾ ನಂಬರ್ ತಪ್ಪಾಗಿ ಓದಿದರೆ, ತಪ್ಪು ತನ್ನದಲ್ಲ ಎಂದು ತೋರಿಸುವ ಕಷ್ಟ ಮಾಲೀಕನ ತಲೆಗೆ ಬರಬಹುದು.

ಇದೇ ತಂತ್ರಜ್ಞಾನ ಇನ್ನೊಂದು ಕೆಲಸವನ್ನೂ ಮಾಡಬಲ್ಲದು. ವಾಹನ ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು ಎಂಬುದು ಗೊತ್ತಾದರೆ ಓಡಿದಷ್ಟು ದೂರಕ್ಕೆ ಮಾತ್ರ ಹಣ ಪಡೆಯಬಹುದು. ಉಪಗ್ರಹ ಆಧಾರಿತ ಟೋಲ್‌ಗಾಗಿ 2024ರ ಸೆಪ್ಟೆಂಬರ್‌ನಲ್ಲಿ ಮಾಡಿದ ನಿಯಮದಲ್ಲಿ ದಿನಕ್ಕೆ 20 ಕಿಲೋಮೀಟರ್ ಪುಕ್ಕಟೆ ಎಂದು ಬರೆದಿದ್ದೂ ಉಂಟು. ಆಸ್ಪತ್ರೆಗೆ ಹೋಗಿ ಬರುವವನಿಗೆ ಅಷ್ಟು ಸಾಕು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಅದರ ಪ್ರಯೋಗವೂ ನಡೆಯಿತು, ಆದರೆ ದೇಶದಲ್ಲಿ ಆ ವ್ಯವಸ್ಥೆ ಜಾರಿಗೆ ಬರಲಿಲ್ಲ. ದರ ಕಂಪ್ಯೂಟರಿನಲ್ಲೇ ಇರುವುದರಿಂದ, ಕೆಲಸ ನಡೆಯುತ್ತಿರುವ ಐದು ಕಿಲೋಮೀಟರ್‌ಗೆ ಅಷ್ಟು ದಿನ ದರ ಇಳಿಸುವುದೂ ಕಷ್ಟವಲ್ಲ. ಅದಕ್ಕೆ ಬೇಕಿರುವುದು ಹೊಸ ಕ್ಯಾಮೆರಾ ಅಲ್ಲ, 2008ರ ಸೂತ್ರಕ್ಕೆ ಇನ್ನೊಂದು ಸಾಲು. ಅದನ್ನು ಸೇರಿಸುವ ತನಕ ರಸ್ತೆ ಕೆಟ್ಟ ಊರಿನವರು ಒಬ್ಬೊಬ್ಬರಾಗಿ ಹೈಕೋರ್ಟಿನ ಮೆಟ್ಟಿಲು ಹತ್ತುತ್ತಿರಬೇಕು.